ವೈಮಾನಿಕರ ಕೈಮಾತು, ಬಾಯಿಮಾತು

ಮಾತು ಕೇವಲ ನಾಲಗೆಗೆ ಸೇರಿದ ಸೊತ್ತಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಒಂದೇ ಕೈಯಿಂದ ಹಿಡಿಯುವ 24 ಹಸ್ತಗಳನ್ನೂ, ಎರಡು ಕೈ ಕೂಡಿಸಿ ಹಿಡಿಯುವ 13 ಹಸ್ತಗಳನ್ನೂ ಲೆಕ್ಕಹಾಕಿ ಹೇಳಿದ್ದಾನೆ. ಬೆರಳು ಮಡಿಸಿದರೆ ಒಂದು ಅರ್ಥ, ನೀಡಿದರೆ ಇನ್ನೊಂದು ಅರ್ಥ. ನಾಟ್ಯರಂಗದ ಮೇಲೆ ಈ ಭಾಷೆ ನಮಗೆಲ್ಲ ಪರಿಚಿತವೇ. ಆದರೆ ಕೈಯಿಂದ ಮಾತನಾಡುವ ಇನ್ನೊಂದು ವರ್ಗದ ಜನ ಉಂಟು. ಅವರ ರಂಗಸ್ಥಳ ಆಕಾಶ. ಅವರಿಗೆ ಮೃದಂಗವಿಲ್ಲ, ತಾಳವಿಲ್ಲ. ಎಂಜಿನ್ನಿನ ಮೊರೆತವೊಂದೇ ಹಿಮ್ಮೇಳ. ಅವರೇ ಯುದ್ಧವಿಮಾನಗಳ ಚಾಲಕರು.

ಈ ವರ್ಗದವರನ್ನು ಕಾಣಲು ನಾವು ಬಹುದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಪೂರ್ವಭಾಗದ ಇಂದಿರಾನಗರದಲ್ಲಿ ವಾಯುಪಡೆಯಿಂದಲೂ ವಿಮಾನ ಕಾರ್ಖಾನೆಯಿಂದಲೂ ನಿವೃತ್ತರಾದ ಹಿರಿಯರು ಎಷ್ಟೋ ಮಂದಿ ನೆಲೆಸಿದ್ದಾರೆ. ಅಲ್ಲಿಯ ಒಂದು ಭಾಗಕ್ಕೆ ಡಿಫೆನ್ಸ್ ಕಾಲೊನಿ ಎಂದೇ ಹೆಸರು, ಎಚ್.ಎ.ಎಲ್. ಎರಡನೆಯ ಹಂತ, ಮೂರನೆಯ ಹಂತ ಎಂದು ಬೀದಿಗಳ ವಿಳಾಸದಲ್ಲಿಯೇ ಕಾರ್ಖಾನೆಯ ಹೆಸರು ಬೆರೆತುಹೋಗಿದೆ. ಅಲ್ಲಿಯ ಉದ್ಯಾನಗಳಲ್ಲಿ ಇಬ್ಬರು ಹಳೆಯ ವೈಮಾನಿಕರು ಕಲೆತರೆಂದರೆ ನೋಡುವವರಿಗೆ ಒಂದು ವಿನೋದ. ಒಬ್ಬರ ಬಲಗೈ ಒಂದು ವಿಮಾನವಾಗುತ್ತದೆ, ಎಡಗೈ ಇನ್ನೊಂದಾಗುತ್ತದೆ. ಒಂದು ಅಂಗೈ ಇನ್ನೊಂದರ ಬೆನ್ನು ಹತ್ತುತ್ತದೆ, ಮಗುಚುತ್ತದೆ, ಮುಳುಗುತ್ತದೆ, ಮೇಲೇಳುತ್ತದೆ. ವೈಮಾನಿಕನ ಎರಡು ಕೈಗಳನ್ನೂ ಕಟ್ಟಿಹಾಕಿದರೆ ಅವನು ಮೂಕನಾಗುತ್ತಾನೆ ಎಂಬ ಹಾಸ್ಯ ಅವರಲ್ಲಿಯೇ ಪ್ರಚಲಿತವಾಗಿದೆ.

ಇದರಲ್ಲಿ ಯೋಚಿಸತಕ್ಕ ಸಂಗತಿಯೊಂದಿದೆ. ಆಕಾಶದಲ್ಲಿ ಅದೇ ಕೈ ಒಂದು ಬೆರಳಿನಷ್ಟೂ ಹೆಚ್ಚು ಹೇಳುವಂತಿಲ್ಲ. ಹೇಳಿದರೆ ಪ್ರಾಣಕ್ಕೆ ಸಂಚಕಾರ. ನೆಲಕ್ಕಿಳಿದ ಮೇಲೆ ಅದೇ ಕೈ ಹತ್ತನ್ನು ನೂರು ಮಾಡುತ್ತದೆ. ಮಾಡಿದರೆ ಕೇಳುವವರಿಗೆ ನಗು. ಹೀಗೆ ಒಂದೇ ಕೈಗೆ ಎರಡು ಧರ್ಮ. ಈ ಎರಡನ್ನೂ ಬೇರೆಬೇರೆಯಾಗಿ ಗುರುತಿಸಲು ಬಾರದೆ ಹೋದರೆ ಮೋಸಹೋಗುವುದು ನಮ್ಮ ಚರಿತ್ರೆ.

ಮೊದಲು ಕೈಮಾತಿನ ವಿಚಾರ. 1914ರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಾಗ ಯುದ್ಧವಿಮಾನಗಳಲ್ಲಿ ಒಬ್ಬ ಚಾಲಕ ಇನ್ನೊಬ್ಬನೊಡನೆ ಮಾತನಾಡಲು ರೇಡಿಯೋ ಇರಲಿಲ್ಲ. ಮೇಲೆ ಹೊದಿಕೆಯಿಲ್ಲದ ಆಸನ, ಮುಖಕ್ಕೆ ಬಡಿಯುವ ಗಾಳಿ, ಕಿವಿ ಕಿವುಡಾಗಿಸುವ ಸದ್ದು. ಐದಾರು ವಿಮಾನಗಳು ಜೊತೆಗೂಡಿ ಹಾರುವಾಗ ಮುಂದಾಳು ತನ್ನ ಇಂಗಿತವನ್ನು ತಿಳಿಸುವುದೆಂತು? ಅವನು ವಿಮಾನದ ರೆಕ್ಕೆಗಳನ್ನು ತೂಗಿಸುತ್ತಿದ್ದ, ಕೈಯೆತ್ತಿ ತೋರಿಸುತ್ತಿದ್ದ, ಇಲ್ಲವೆ ಬಣ್ಣದ ಬೆಳಕು ಚಿಮ್ಮುವ ಪಿಸ್ತೂಲನ್ನು ಹಾರಿಸುತ್ತಿದ್ದ. ಹಾರಾಟ ಕಲಿಸುವ ಗುರುವಿಗೂ ಇದೇ ಕಷ್ಟ. ಹಿಂದೆ ಮುಂದೆ ಕುಳಿತ ಗುರುಶಿಷ್ಯರು ಒಬ್ಬರ ಮಾತು ಒಬ್ಬರಿಗೆ ಕೇಳಿಸಲೆಂದು ರಬ್ಬರಿನ ಕೊಳವೆಯೊಂದನ್ನು ಅಳವಡಿಸಿಕೊಂಡರು. ಇಂಗ್ಲೆಂಡಿನ ಗೋಸ್‌ಪೋರ್ಟ್ ಎಂಬ ಊರಿನ ಹಾರಾಟದ ಶಾಲೆಯಲ್ಲಿ ಬಳಕೆಗೆ ಬಂದುದರಿಂದ ಅದಕ್ಕೆ ಗೋಸ್‌ಪೋರ್ಟ್ ಕೊಳವೆ ಎಂದೇ ಹೆಸರಾಯಿತು. ನಮ್ಮ ದೇಶದ ಎಷ್ಟೋ ಮಂದಿ ಹಳೆಯ ವೈಮಾನಿಕರು ಟೈಗರ್ ಮಾತ್ ವಿಮಾನದಲ್ಲಿ ಮೊದಲ ಪಾಠ ಕಲಿತದ್ದು, ಮೊದಲ ಬೈಗುಳ ತಿಂದದ್ದು ಅಂಥ ಕೊಳವೆಯ ಮೂಲಕವೇ.

ಆಮೇಲೆ ರೇಡಿಯೋ ಬಂತು. ಆದರೂ ಕೈಮಾತು ಹೋಗಲಿಲ್ಲ. ಇದಕ್ಕೆ ಕಾರಣ ಸರಳ. ರೇಡಿಯೋದಲ್ಲಿ ಆಡಿದ್ದು ಶತ್ರುವಿಗೂ ಕೇಳುತ್ತದೆ. ಅಲ್ಲದೆ ರೇಡಿಯೋ ಕೆಡುವುದೂ ಉಂಟು. ಕೈಗೆ ತಂತಿಯೂ ಬೇಡ, ವಿದ್ಯುತ್ತೂ ಬೇಡ.

ನೆಲದ ಮೇಲೆ ವಿಮಾನವನ್ನು ನಡೆಸುವ ಸಿಬ್ಬಂದಿಯ ಸಂಜ್ಞೆಗಳನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಎರಡು ತೋಳುಗಳನ್ನು ತಲೆಯ ಮೇಲೆತ್ತಿ ಒಂದಕ್ಕೊಂದು ಅಡ್ಡಹಾಯಿಸಿದರೆ 'ನಿಲ್ಲು' ಎಂದರ್ಥ. ಚಾಲಕನೂ ಆಸನದಿಂದಲೇ ಉತ್ತರ ಕೊಡುತ್ತಾನೆ. ಬೆರಳು ಬಿಡಿಸಿದ ಕೈಯನ್ನು ಮುಖದ ಮುಂದೆ ಅಡ್ಡಲಾಗಿ ಹಿಡಿದು ಮುಷ್ಟಿ ಕಟ್ಟಿದರೆ 'ಬ್ರೇಕು ಹಾಕಿದೆ'. ಕಟ್ಟಿದ ಮುಷ್ಟಿಯನ್ನು ಬಿಡಿಸಿದರೆ 'ಬ್ರೇಕು ತೆಗೆದೆ'. ನಾಲ್ಕು ಎಂಜಿನ್ನಿನ ವಿಮಾನವಾದರೆ, ಎಷ್ಟನೆಯ ಎಂಜಿನ್ನನ್ನು ಚಾಲೂ ಮಾಡಬೇಕೋ ಅಷ್ಟು ಬೆರಳು. ಚಕ್ರಗಳಿಗೆ ಕೊಟ್ಟ ತಡೆಗಟ್ಟೆಯನ್ನು ಎಳೆದುಹಾಕಬೇಕಾದರೆ, ಅಂಗೈ ಹೊರಮುಖವಾಗಿ ಮುಖದ ಮುಂದೆ ಕೈಗಳನ್ನು ಅಡ್ಡಹಾಯಿಸಿ ಎರಡೂ ಕಡೆಗೆ ಸರಿಸಬೇಕು. ಇವೆಲ್ಲ ಅಂತರರಾಷ್ಟ್ರೀಯ ಒಪ್ಪಂದದಿಂದ ನಿಶ್ಚಿತವಾದ ಸಂಜ್ಞೆಗಳು. ಚಾಲಕ ಕನ್ನಡಿಗನಾಗಿರಲಿ, ಜಪಾನಿನವನಾಗಿರಲಿ, ಅರ್ಥ ಒಂದೇ.

ಜೊತೆಗೂಡಿ ಹಾರುವ ಯುದ್ಧವಿಮಾನಗಳವರ ಸಂಜ್ಞೆಗಳು ಇನ್ನೂ ಸ್ವಾರಸ್ಯ. ಕಿವಿಯ ಮೇಲೆ ತಟ್ಟಿಕೊಂಡು ಹೆಬ್ಬೆರಳನ್ನು ಕೆಳಗೆ ಮಾಡಿದರೆ 'ನನಗೆ ಕೇಳಿಸುತ್ತಿಲ್ಲ'. ಬಾಯಿಯ ಬಳಿ ತಟ್ಟಿ ಹಾಗೆ ಮಾಡಿದರೆ 'ನನ್ನ ಮಾತು ಹೊರಗೆ ಹೋಗುತ್ತಿಲ್ಲ'. ಹೆಬ್ಬೆರಳನ್ನು ಬಾಯಿಗೆ ಹಿಡಿದು ಕುಡಿಯುವಂತೆ ನಟಿಸಿದರೆ 'ಎಣ್ಣೆ ಎಷ್ಟು ಉಳಿದಿದೆ?' ಎಂಬ ಪ್ರಶ್ನೆ. ನಮ್ಮ ಮನೆಗಳಲ್ಲಿ ನೀರು ಬೇಕೆಂದು ಕೇಳುವ ಸನ್ನೆಯೇ ಅದು! ಉತ್ತರ ಬೆರಳೆಣಿಕೆಯಲ್ಲಿ ಬರುತ್ತದೆ. ಓಡುದಾರಿಯ ಮೇಲೆ ಜೊತೆಯಾಗಿ ನಿಂತ ಎರಡು ವಿಮಾನಗಳು ಒಂದೇ ಕ್ಷಣದಲ್ಲಿ ಹೊರಡಬೇಕಾದರೆ ಮುಂದಾಳು ತಲೆಯನ್ನು ಹಿಂದಕ್ಕೆ ವಾಲಿಸಿ ಥಟ್ಟನೆ ಮುಂದಕ್ಕೆ ಬಾಗಿಸುತ್ತಾನೆ. ಶಿರಸ್ತ್ರಾಣ ಬಾಗಿದ ಕ್ಷಣವೇ ಹೊರಡುವ ಮುಹೂರ್ತ.

ಅಮೆರಿಕದ ನೌಕಾ ವೈಮಾನಿಕರಲ್ಲಿ ಆಪತ್ತಿಗೆ ಮೀಸಲಾದ ಒಂದು ಲೆಕ್ಕವೇ ಇದೆ. ಮೊದಲು ಮುಷ್ಟಿಯನ್ನು ತಲೆಗೆ ಸೋಕಿಸಿ 'ನನಗೆ ತೊಂದರೆಯಾಗಿದೆ' ಎಂದು ತಿಳಿಸಬೇಕು, ಆಮೇಲೆ ಬೆರಳೆತ್ತಬೇಕು. ಒಂದು ಬೆರಳೆಂದರೆ ದ್ರವದ ಒತ್ತಡದಿಂದ ನಡೆಯುವ ಯಂತ್ರಗಳು ಕೆಟ್ಟಿವೆ; ಎರಡೆಂದರೆ ವಿದ್ಯುತ್ತು; ಮೂರೆಂದರೆ ಇಂಧನ; ನಾಲ್ಕೆಂದರೆ ಉಸಿರಾಟದ ಆಮ್ಲಜನಕ; ಐದೆಂದರೆ ಎಂಜಿನ್. ಪಕ್ಕದ ವಿಮಾನದವನು ಈ ಬೆರಳುಗಳನ್ನು ಓದಿಕೊಂಡು ಆಪತ್ತಿಗೊಳಗಾದವನನ್ನು ಜೊತೆಯಲ್ಲಿ ಕರೆತಂದು ನೆಲ ಮುಟ್ಟಿಸುತ್ತಾನೆ. ಮೂರು ಬೆರಳನ್ನು ನಾಲ್ಕೆಂದು ಓದಿಕೊಂಡರೆ ಗತಿಯೇನು?

ಇಲ್ಲಿಯೇ ನಾಟ್ಯಶಾಸ್ತ್ರದ ಹಸ್ತಕ್ಕೂ ವೈಮಾನಿಕನ ಹಸ್ತಕ್ಕೂ ಇರುವ ಅಂತರ ಗೋಚರಿಸುತ್ತದೆ. ನಾಟ್ಯದಲ್ಲಿ ಪತಾಕ ಹಸ್ತವೊಂದಕ್ಕೇ ವಿನಿಯೋಗಗಳು ಹಲವು: ಮೇಘವೂ ಅದೇ, ಕಾಡೂ ಅದೇ, ಇರುಳೂ ಅದೇ. ಸಂದರ್ಭದಿಂದ ರಸಿಕನು ಅರ್ಥ ಮಾಡಿಕೊಳ್ಳುತ್ತಾನೆ. ಅನೇಕಾರ್ಥವೇ ಅಲ್ಲಿಯ ಸೊಬಗು. ವೈಮಾನಿಕನ ಹಸ್ತಕ್ಕೆ ಒಂದೇ ಅರ್ಥ. ಅಲ್ಲಿ ಧ್ವನಿಗೆ ಎಡೆಯಿಲ್ಲ, ಲಕ್ಷಣೆಗೆ ಎಡೆಯಿಲ್ಲ, ವಾಚ್ಯಾರ್ಥವೊಂದೇ.

ವಿಮಾನವೇ ಕೈಯಾಗುವುದೂ ಉಂಟು. ಗುರುತಿಲ್ಲದ ವಿಮಾನವೊಂದನ್ನು ಯುದ್ಧವಿಮಾನ ತಡೆದಾಗ ಅದರ ಮುಂದೆ ಬಂದು ರೆಕ್ಕೆಗಳನ್ನು ತೂಗಿಸುತ್ತದೆ: 'ನಿನ್ನನ್ನು ತಡೆದಿದ್ದೇನೆ, ನನ್ನ ಹಿಂದೆ ಬಾ' ಎಂದರ್ಥ. ಅದೂ ರೆಕ್ಕೆ ತೂಗಿಸಿದರೆ ಒಪ್ಪಿಗೆ. ಎಂಜಿನ್ನಿಲ್ಲದ ಗ್ಲೈಡರನ್ನು ಹಗ್ಗದಿಂದ ಎಳೆದೊಯ್ಯುವ ವಿಮಾನ ರೆಕ್ಕೆ ತೂಗಿಸಿದರೆ ಅರ್ಥವೇ ಬೇರೆ: 'ಈ ಕ್ಷಣ ಹಗ್ಗ ಬಿಡು!' ಅಲ್ಲಿ ಏಕೆ ಏನು ಎಂದು ಕೇಳಲು ಸಮಯವಿಲ್ಲ.

ಇನ್ನು ಬಾಯಿಮಾತಿನ ವಿಚಾರ. ಆಕಾಶದಲ್ಲಿ ಇಷ್ಟು ಬಿಗಿಯಾಗಿ ಮಾತನ್ನು ಅಳೆದು ತೂಗಿ ಆಡುವವನು ನೆಲಕ್ಕಿಳಿದ ಮೇಲೆ ಕಟ್ಟು ಸಡಿಲಿಸಿದರೆ ಆಶ್ಚರ್ಯವೇನು? ಕನ್ನಡದಲ್ಲಿ ಬುರುಡೆ ಬಿಡುವುದು, ಬಡಾಯಿ ಕೊಚ್ಚುವುದು ಎಂದು ನಾವು ಕರೆಯುವ ಕಲೆಗೆ ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ವಾಯುಪಡೆಯವರು 'ಲೈನ್ ಷೂಟ್' ಎಂಬ ಹೆಸರಿಟ್ಟಿದ್ದರು. ಎಷ್ಟೋ ದಳಗಳ ಭೋಜನಶಾಲೆಯಲ್ಲಿ 'ಲೈನ್ ಬುಕ್' ಎಂಬ ಪುಸ್ತಕವಿರುತ್ತಿತ್ತು. ಯಾರಾದರೂ ಹಿಗ್ಗಿನಿಂದ ಅತಿಯಾಗಿ ಆಡಿದರೆ ಆ ಮಾತನ್ನು ಅದರಲ್ಲಿ ಬರೆದು, ಕೇಳಿದವರು ಸಾಕ್ಷಿ ಹಾಕುತ್ತಿದ್ದರು. ಬಡಾಯಿಗೂ ಒಂದು ದಫ್ತರ! ಅದರ ಹಿಂದಿನ ವಿವೇಕ ದೊಡ್ಡದು. ಬಡಾಯಿಯನ್ನು ಬಡಾಯಿ ಎಂದೇ ಬರೆದಿಟ್ಟರೆ ಅದು ವರದಿಯ ಪುಸ್ತಕಕ್ಕೆ ನುಸುಳುವುದಿಲ್ಲ.

ದಂಡಿಯು ಕಾವ್ಯಾದರ್ಶದಲ್ಲಿ ಅತಿಶಯೋಕ್ತಿಯನ್ನು ಅಲಂಕಾರಗಳಲ್ಲಿ ಉತ್ತಮವೆಂದು ಎಣಿಸಿದ್ದಾನೆ. ಲೋಕದ ಎಲ್ಲೆ ಮೀರಿದ ಮಾತಿನಿಂದ ವಸ್ತುವಿನ ಹಿರಿಮೆ ಮನಸ್ಸಿಗೆ ನಾಟುತ್ತದೆ. ವೈಮಾನಿಕನ ಬುರುಡೆಗೂ ಇಂಥದೇ ಒಂದು ಪ್ರಯೋಜನವುಂಟು. ಬೆಳಿಗ್ಗೆ ಜೊತೆಯಲ್ಲಿ ತಿಂಡಿ ತಿಂದವನು ಸಂಜೆಗೆ ಬಾರದೆ ಹೋದಾಗ ಉಳಿದವರು ಭಯವನ್ನು ಭಯವೆಂದೇ ಹೇಳಿಕೊಂಡರೆ ಮಾರನೆಯ ದಿನ ಹಾರಲಾಗದು. ಆದ್ದರಿಂದ ನಗಬೇಕು. ವಿನಾಕಾರಣ ಕೆಡುವ ಯಂತ್ರಗಳಿಗೆ ಅವರು 'ಗ್ರೆಮ್ಲಿನ್' ಎಂಬ ಕುಳ್ಳ ಪಿಶಾಚಿಗಳನ್ನು ಕಲ್ಪಿಸಿಕೊಂಡರು. ರೆಕ್ಕೆಯ ಮೇಲೆ ಕುಳಿತು ತಿರುಪು ಬಿಚ್ಚುವುದು, ಎಣ್ಣೆ ಹೀರುವುದು ಅವುಗಳ ಕಸುಬಂತೆ. ಸ್ವತಃ ವೈಮಾನಿಕನಾಗಿದ್ದ ಲೇಖಕ ರೋಲ್ಡ್ ಡಾಲ್ 1943ರಲ್ಲಿ ಅವುಗಳ ಮೇಲೆ ಮಕ್ಕಳ ಪುಸ್ತಕವನ್ನೇ ಬರೆದ. ತಪ್ಪನ್ನು ಪಿಶಾಚಿಯ ತಲೆಗೆ ಕಟ್ಟಿದರೆ ಚಾಲಕನೂ ಯಂತ್ರ ರಿಪೇರಿಯವನೂ ಒಬ್ಬರನ್ನೊಬ್ಬರು ದೂರುವುದು ತಪ್ಪುತ್ತದೆ!

ಸರ್ಕಾರವೇ ಬುರುಡೆ ಬಿಟ್ಟ ಪ್ರಸಂಗವೂ ಉಂಟು. ಬ್ರಿಟನ್ನಿನ ಜಾನ್ ಕನಿಂಗ್‌ಹ್ಯಾಮ್ ಎಂಬ ವೈಮಾನಿಕ 1940ರ ಕೊನೆಯಿಂದ ಕಾರಿರುಳಿನಲ್ಲಿ ಶತ್ರುವಿಮಾನಗಳನ್ನು ಉರುಳಿಸತೊಡಗಿದ. ಅವನಿಗೆ ಬೆಕ್ಕಿನ ಕಣ್ಣು. ಗಜ್ಜರಿ ತಿಂದು ತಿಂದು ದೃಷ್ಟಿ ಚುರುಕಾಗಿದೆ ಎಂಬ ಸುದ್ದಿಯನ್ನು ಹರಡಲಾಯಿತು. ನಿಜಸಂಗತಿಯೆಂದರೆ ಅವನ ವಿಮಾನದಲ್ಲಿ ರೇಡಾರ್ ಇತ್ತು. ಅದರ ಗುಟ್ಟನ್ನು ಕಾಯುವುದಕ್ಕೆ ಗಜ್ಜರಿ ಅಡ್ಡಬಂತು. ಇಂದಿಗೂ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಗಜ್ಜರಿ ತಿನ್ನಿಸುವಾಗ ಹೇಳುವ ಮಾತಿನಲ್ಲಿ ಆ ಯುದ್ಧದ ಬುರುಡೆಯ ಪಾಲೂ ಇದೆ. ಗಜ್ಜರಿ ಒಳ್ಳೆಯದೇ, ಆದರೆ ಅದು ಕತ್ತಲಲ್ಲಿ ವಿಮಾನ ತೋರಿಸುವುದಿಲ್ಲ.

ಬುರುಡೆಯಲ್ಲದೆಯೂ ಲೆಕ್ಕ ಹಿಗ್ಗುವುದುಂಟು ಎಂಬುದನ್ನು ಇಲ್ಲಿಯೇ ಹೇಳಬೇಕು. 1940ರ ಸೆಪ್ಟೆಂಬರ್ 15ರಂದು ಇಂಗ್ಲೆಂಡಿನ ಆಕಾಶದಲ್ಲಿ ಘೋರ ಕಾಳಗ ನಡೆಯಿತು. ಜರ್ಮನಿಯ 185 ವಿಮಾನಗಳು ಬಿದ್ದುವೆಂದು ಅಂದು ಪ್ರಕಟವಾಯಿತು. ಯುದ್ಧ ಮುಗಿದ ಮೇಲೆ ಜರ್ಮನರ ದಫ್ತರವನ್ನು ತೆರೆದು ನೋಡಿದರೆ ಬಿದ್ದದ್ದು ಸುಮಾರು 60. ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ. ಒಂದೇ ವಿಮಾನಕ್ಕೆ ಮೂವರು ಗುಂಡು ಹಾರಿಸಿರುತ್ತಾರೆ. ಹೊಗೆಯುಗುಳುತ್ತ ಅದು ಕೆಳಗಿಳಿದುದನ್ನು ಮೂವರೂ ಕಂಡು ಮೂವರೂ ತಮ್ಮ ಲೆಕ್ಕಕ್ಕೆ ಬರೆದುಕೊಂಡಿರುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಗಾದರೆ ನಿಜ ಯಾವುದು, ಬುರುಡೆ ಯಾವುದು ಎಂದು ತಿಳಿಯುವ ಬಗೆ ಹೇಗೆ? ಒಂದು ಒರೆಗಲ್ಲನ್ನು ಹೇಳಬಹುದು. ಶತ್ರುವು ಮೋಸಕ್ಕಾಗಿ ಮರದ ವಿಮಾನಗಳನ್ನು ಸಾಲಾಗಿ ನಿಲ್ಲಿಸಿದನಂತೆ. ಅದನ್ನು ಅರಿತವರು ಹಾರಿಬಂದು ಒಂದೇ ಒಂದು ಮರದ ಬಾಂಬನ್ನು ಎಸೆದು ಹೋದರಂತೆ. ಈ ಕಥೆಯನ್ನು ಕೇಳದ ವೈಮಾನಿಕನಿಲ್ಲ. ಆದರೆ ಇದು ನಡೆದ ಊರು ಕೇಳಿದರೆ ಒಬ್ಬರು ಫ್ರಾನ್ಸ್ ಎನ್ನುತ್ತಾರೆ, ಇನ್ನೊಬ್ಬರು ಹಾಲೆಂಡ್ ಎನ್ನುತ್ತಾರೆ; ವರ್ಷವೂ ಬದಲಾಗುತ್ತದೆ, ಬಾಂಬು ಎಸೆದವನೂ ಬದಲಾಗುತ್ತಾನೆ. ಮಾತು ನಿಲ್ಲುವುದು 'ಅಂತೆ'ಯಲ್ಲಿ. ಊರು, ವರ್ಷ, ಹೆಸರು ಇವು ಮೂರೂ ಜಾರಿಕೊಳ್ಳುವ ಕಥೆ ಕೇಳಲು ಚೆನ್ನ, ನಂಬಲು ಕಷ್ಟ. ಇವು ಮೂರೂ ನಿಂತು, ಕಣ್ಣಿಗೆ ಕಾಣುವ ವಸ್ತುವೊಂದು ಸಾಕ್ಷಿಯಾಗಿ ಉಳಿದಿದ್ದರೆ ಆ ಕಥೆ ಎಷ್ಟೇ ವಿಚಿತ್ರವಾಗಿರಲಿ, ಅದು ಚರಿತ್ರೆ.

ಈ ಒರೆಗಲ್ಲನ್ನು ಹಿಡಿದು ಈಗ ಇಂದಿರಾನಗರದ ನೆರೆಗೇ ಬರೋಣ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದ್ದು 1940ರ ಡಿಸೆಂಬರ್‌ನಲ್ಲಿ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಕಾರ್ಖಾನೆಯ ಕೆಲಸಕ್ಕೆ ಕೈಗೂಡಿಸಿದವನು ಚೀನಾದಲ್ಲಿ ವಿಮಾನದ ವ್ಯವಹಾರ ನಡೆಸಿದ್ದ ಅಮೆರಿಕದ ವಿಲಿಯಂ ಪಾಲಿ. 1941ರ ಆಗಸ್ಟ್ ಹೊತ್ತಿಗೆ ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿಯೇ ಜೋಡಣೆಯಾಗಿ ಹಾರಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ವಶಕ್ಕೆ ಹೋಗಿ, ಯುದ್ಧದಲ್ಲಿ ಬಳಲಿದ ವಿಮಾನಗಳ ದೊಡ್ಡ ದುರಸ್ತಿ ಡಿಪೋ ಆಯಿತು.

ಆ ಕಾಲದ ಕಥೆಯೊಂದನ್ನು ಇಂದಿನ ಹುಡುಗರಿಗೆ ಹೇಳಿದರೆ ನಗುತ್ತಾರೆ: ಬೆಳ್ಳಂದೂರು ಕೆರೆಯ ಮೇಲೆ ವಿಮಾನಗಳು ಇಳಿಯುತ್ತಿದ್ದುವು! ಆದರೆ ಇದು ನಿಜ. ಕಟಲೀನಾ ಎಂಬುದು ದೋಣಿಯಂತೆ ನೀರಿನ ಮೇಲೆ ಇಳಿಯುವ ವಿಮಾನ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 104 ಅಡಿ. ಅಂಥ ವಿಮಾನಗಳು ದುರಸ್ತಿಗೆಂದು ಆ ಕೆರೆಯ ಮೇಲಿಳಿದು ಕಾರ್ಖಾನೆ ಸೇರುತ್ತಿದ್ದುವು. ನೊರೆಗೂ ದುರ್ವಾಸನೆಗೂ ಹೆಸರಾದ ಇಂದಿನ ಕೆರೆಯನ್ನು ಕಂಡವರಿಗೆ ಇದು ಬುರುಡೆಯಂತೆ ತೋರಿದರೆ ತಪ್ಪು ಕಥೆಯದಲ್ಲ, ಕೆರೆಯನ್ನು ಹಾಗೆ ಮಾಡಿಟ್ಟವರದು.

ಯುದ್ಧಕಾಲದ ರಿಪೇರಿಗಳಲ್ಲಿ ಜಗತ್ತೇ ಬೆರಗಾದ ಸಂಗತಿಯೊಂದು 1941ರಲ್ಲಿ ಚೀನಾದ ಸುಯಿಫು ಎಂಬಲ್ಲಿ ನಡೆದಿತ್ತು. ಜಪಾನೀಯರ ಬಾಂಬಿಗೆ ಡಿ.ಸಿ. 3 ವಿಮಾನವೊಂದರ ರೆಕ್ಕೆ ಹಾರಿಹೋಯಿತು. ಬದಲಿಗೆ ಸಿಕ್ಕಿದ್ದು ಡಿ.ಸಿ. 2ರ ರೆಕ್ಕೆ, ಐದು ಅಡಿ ಮೋಟು. ಅದನ್ನು ಇನ್ನೊಂದು ವಿಮಾನದ ಹೊಟ್ಟೆಗೆ ಕಟ್ಟಿ ತಂದು ಜೋಡಿಸಿ ಹಾರಿಸಿಕೊಂಡೇ ಹೋದರು. ಒಂದು ರೆಕ್ಕೆ ಉದ್ದ, ಒಂದು ಗಿಡ್ಡ! ಅದಕ್ಕೆ ಡಿ.ಸಿ. ಎರಡೂವರೆ ಎಂಬ ಹೆಸರು ಬಿತ್ತು. ಊರು, ವರ್ಷ, ವಿಮಾನ ಮೂರೂ ಗೊತ್ತಿರುವ ಕಥೆ ಇದು. ಆದ್ದರಿಂದ ನಗುತ್ತಲೇ ನಂಬಬಹುದು.

ಆದರೆ ಇದನ್ನೂ ಮೀರಿಸಿದ್ದು ನಮ್ಮ ಬೆಂಗಳೂರಿನವರ ಲಿಬರೇಟರ್ ಪ್ರಸಂಗ. ಲಿಬರೇಟರ್ ಎಂಬುದು ನಾಲ್ಕು ಎಂಜಿನ್ನುಗಳ, 110 ಅಡಿ ರೆಕ್ಕೆಯ ಭಾರಿ ಬಾಂಬರು. ಅಮೆರಿಕ ಅದನ್ನು ಯುದ್ಧಕಾಲದಲ್ಲಿ ಬ್ರಿಟನ್ನಿಗೆ ಕಡವಾಗಿ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಒಂದೋ ಹಿಂದಿರುಗಿಸಬೇಕು, ಇಲ್ಲವೆ ನಾಶಮಾಡಬೇಕು ಎಂಬುದು ಕರಾರು. ಕಾನಪುರದಲ್ಲಿ ನಿಂತಿದ್ದ ಅಂಥ ಹತ್ತಾರು ವಿಮಾನಗಳು ಮತ್ತೆ ಹಾರದಂತೆ ಬ್ರಿಟಿಷರು ಅವುಗಳ ಉಪಕರಣಗಳನ್ನು ಒಡೆದರು, ಎಂಜಿನ್ನುಗಳಿಗೆ ಮರಳು ಸುರಿದರು, ಮೈಯನ್ನು ಜಜ್ಜಿದರು. ಬಯಲಿನಲ್ಲಿ ಬಿಸಿಲು ಮಳೆಗೆ ಬಿಟ್ಟುಹೋದರು. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರುಗಳು ಬೇಕಾದಾಗ ಈ ಕಸವನ್ನು ಎತ್ತಿ ನಿಲ್ಲಿಸಲಾದೀತೆ ಎಂಬ ಪ್ರಶ್ನೆ 1948ರಲ್ಲಿ ಎದ್ದಿತು. ಬೆಂಗಳೂರಿನ ಕಾರ್ಖಾನೆಯವರು ಆಗುತ್ತದೆ ಎಂದರು.

ಅವರು ಕಾನಪುರಕ್ಕೆ ಹೋದರು. ಒಂದು ವಿಮಾನದ ಒಳ್ಳೆಯ ಭಾಗವನ್ನು ಇನ್ನೊಂದಕ್ಕೆ ಜೋಡಿಸುತ್ತ, ಒಂದು ಸಲ ಹಾರುವಷ್ಟು ಮಟ್ಟಿಗೆ ಒಂದೊಂದನ್ನೇ ಸಿದ್ಧಮಾಡಿದರು. ಪೂರ್ತಿ ದುರಸ್ತಿ ಬೆಂಗಳೂರಿನಲ್ಲಿ ಆಗಬೇಕು. ಅಲ್ಲಿಯವರೆಗೆ ಆ ತೇಪೆಯ ವಿಮಾನ ಸುಮಾರು 1500 ಕಿಲೊಮೀಟರ್ ದೂರ ಹಾರಬೇಕು. ಹಾರಿಸಿದವರು ಕಾರ್ಖಾನೆಯ ಪರೀಕ್ಷಾ ವೈಮಾನಿಕ ಕ್ಯಾಪ್ಟನ್ ಜಮ್‌ಷೆಡ್ ಮುನ್ಷಿ. ಒಂದಲ್ಲ, ಹತ್ತಲ್ಲ, 42 ಲಿಬರೇಟರುಗಳು ಹೀಗೆ ಬೆಂಗಳೂರು ಮುಟ್ಟಿದುವು. 1948ರ ನವೆಂಬರ್‌ನಲ್ಲಿ ವಾಯುಪಡೆಯ ಐದನೆಯ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ರೂಪುಗೊಂಡಿತು. 1968ರವರೆಗೂ ಅವು ನಮ್ಮ ಕರಾವಳಿಯ ಮೇಲೆ ಕಾವಲು ಹಾರಿದುವು.

ಇದು ಬುರುಡೆಯೇ? ಒರೆಗಲ್ಲಿಗೆ ಹಚ್ಚಿ ನೋಡಿ. ಊರು ಉಂಟು, ವರ್ಷ ಉಂಟು, ಹೆಸರು ಉಂಟು. ವಸ್ತುಸಾಕ್ಷಿಯೂ ಉಂಟು: ಜಗತ್ತಿನಲ್ಲಿ ಉಳಿದಿರುವ ಬೆರಳೆಣಿಕೆಯ ಲಿಬರೇಟರುಗಳಲ್ಲಿ ಹಲವು ಭಾರತದಿಂದ ಹೋದವು. 1969ರಲ್ಲಿ ಅಮೆರಿಕದ ಅರಿಜೋನಾಕ್ಕೆ ಒಂದು ಹೋಯಿತು, 1974ರಲ್ಲಿ ಬ್ರಿಟನ್ನಿನ ವಾಯುಪಡೆಯ ಸಂಗ್ರಹಾಲಯಕ್ಕೆ ಇನ್ನೊಂದು ಹೋಯಿತು. ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿಯೂ ಒಂದಿದೆ. ಯಾರು ನಾಶಮಾಡಿ ಹೋಗಿದ್ದರೋ ಅವರ ದೇಶಕ್ಕೇ ನಾವು ಹಾರುವ ವಿಮಾನವನ್ನು ಕಾಣಿಕೆಯಾಗಿ ಕಳುಹಿಸಿಕೊಟ್ಟೆವು! ಅತಿಶಯೋಕ್ತಿಗೆ ಇಲ್ಲಿ ಏನು ಕೆಲಸ?

ಈ ಕಥೆಯಲ್ಲಿ ಒಂದು ಕೊರತೆ ಮಾತ್ರ ಇದೆ. ಹಾರಿಸಿದವರ ಹೆಸರು ನಿಂತಿತು. ಮರಳು ತುಂಬಿದ ಎಂಜಿನ್ನನ್ನು ಬಿಚ್ಚಿ ತೊಳೆದವರ, ಜಜ್ಜಿದ ತಗಡನ್ನು ತಟ್ಟಿ ನೇರ ಮಾಡಿದವರ ಹೆಸರುಗಳು ಜನರ ಬಾಯಲ್ಲಿ ನಿಲ್ಲಲಿಲ್ಲ. ಕಥೆ ಹೇಳುವ ಕೈಗಳು ವಿಮಾನವನ್ನು ತೋರಿಸುತ್ತವೆ, ತಿರುಪುಮೊಳೆಯನ್ನು ತೋರಿಸುವುದಿಲ್ಲ. ಬುರುಡೆಯಿಂದ ಆಗುವ ನಿಜವಾದ ನಷ್ಟ ಇದೇ. ಅದು ಒಬ್ಬ ವೀರನನ್ನು ಹತ್ತು ಪಾಲು ದೊಡ್ಡವನನ್ನಾಗಿ ಮಾಡುವ ಭರದಲ್ಲಿ ಅವನ ಸುತ್ತ ನಿಂತಿದ್ದ ಇನ್ನೂರು ಜನರನ್ನು ಮರೆಸಿಬಿಡುತ್ತದೆ.

ಅದೇ ಮುನ್ಷಿಯವರು 1951ರ ಆಗಸ್ಟ್ 5ರಂದು ಎಚ್.ಟಿ. 2 ವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು. ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಇಲ್ಲಿಯೇ ರೂಪಿಸಿದ ತರಬೇತಿ ವಿಮಾನ ಅದು. ಮುಂದೆ ಬಂದವುಗಳಿಗೆ ಪುಷ್ಪಕ, ಕೃಷಕ, ಮಾರುತ, ಕಿರಣ ಎಂದು ಹೆಸರಿಟ್ಟಾಗ ನಮ್ಮಂಥ ಪಂಡಿತರಿಗೆ ಹಿಗ್ಗೋ ಹಿಗ್ಗು. ಕಿರಣ ವಿಮಾನಗಳಿಂದಲೇ 1996ರಲ್ಲಿ ಬೀದರಿನಲ್ಲಿ ಸೂರ್ಯಕಿರಣ ತಂಡ ಹುಟ್ಟಿತು. ಒಂಬತ್ತು ವಿಮಾನಗಳು ಒಂದೇ ಹಕ್ಕಿಯಂತೆ ಹಾರುವುದನ್ನು ಯಲಹಂಕದಲ್ಲಿ ಕಂಡವರು ಸಂಜ್ಞೆಯ ಶಿಸ್ತು ಎಂದರೇನೆಂಬುದನ್ನು ಕಣ್ಣಾರೆ ಕಂಡಿದ್ದಾರೆ.

ಮಾರುತದ ಕಥೆ ಗಂಭೀರವಾದುದು. ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಪ್ರಸಿದ್ಧ ಶಿಲ್ಪಿ ಬೆಂಗಳೂರಿಗೆ ಬಂದು ಇಲ್ಲಿಯ ಇಂಜನಿಯರುಗಳೊಡನೆ ಈ ಜೆಟ್ ಯುದ್ಧವಿಮಾನವನ್ನು ರೂಪಿಸಿದ. ಮೊದಲು ಅದೇ ಅಳತೆಯ ಮರದ ಗ್ಲೈಡರೊಂದನ್ನು ಮಾಡಿ, 1959ರಿಂದ ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಎಳೆದೊಯ್ದು ಆಕಾಶದಲ್ಲಿ ಬಿಟ್ಟು ಪರೀಕ್ಷಿಸಿದರು. ಎಂಜಿನ್ನಿಲ್ಲದ ಜೆಟ್ ವಿಮಾನ ಹಗ್ಗದ ತುದಿಯಲ್ಲಿ ಹಾರಿತು ಎಂದರೆ ಇದೂ ಬುರುಡೆಯಂತೆಯೇ ಕೇಳಿಸುತ್ತದೆ. ಆದರೆ ಎಪ್ಪತ್ತಕ್ಕೂ ಹೆಚ್ಚು ಬಾರಿ ಅದು ಹಾಗೆ ಹಾರಿತು. ಆಮೇಲೆ 1961ರ ಜೂನ್ 17ರಂದು ನಿಜವಾದ ಮಾರುತವನ್ನು ಮೇಲೇರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ಒಟ್ಟು 147 ಮಾರುತಗಳು ತಯಾರಾದುವು; 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯ ಮೇಲೆ ಹೋರಾಡಿದುವು.

ಪರೀಕ್ಷಾ ವೈಮಾನಿಕನಿಗೆ ಬಡಾಯಿ ಕೊಚ್ಚುವ ಸ್ವಾತಂತ್ರ್ಯವಿಲ್ಲ. ಅವನು ತೊಡೆಯ ಮೇಲೆ ಹಲಗೆ ಕಟ್ಟಿಕೊಂಡು, ಇಷ್ಟು ವೇಗದಲ್ಲಿ ಇಷ್ಟು ನಡುಗಿತು, ಇಷ್ಟು ಎತ್ತರದಲ್ಲಿ ಹೀಗೆ ವಾಲಿತು ಎಂದು ಕಂಡದ್ದನ್ನು ಕಂಡಂತೆ ಬರೆದು ತರಬೇಕು. ತನ್ನ ಕುಶಲತೆಯಿಂದ ಪಾರಾದೆನೆಂದು ಬೀಗಿ ವಿಮಾನದ ದೋಷವನ್ನು ಮುಚ್ಚಿದರೆ ನಾಳೆ ಅದನ್ನು ಹಾರಿಸುವ ಎಳೆಯ ಚಾಲಕ ಸಾಯುತ್ತಾನೆ. ಆಕಾಶದ ಕೈಮಾತಿನ ಸತ್ಯವನ್ನು ನೆಲದ ಮೇಲಿನ ಬಾಯಿಮಾತಿಗೂ ತರಬೇಕಾದವನು ಅವನೊಬ್ಬನೇ. 1970ರ ಜನವರಿ 10ರಂದು ಮಾರುತದ ಹೊಸ ಮಾದರಿಯೊಂದನ್ನು ಪರೀಕ್ಷಿಸಲು ಬೆಂಗಳೂರಿನಲ್ಲಿ ಮೇಲೇರಿದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಸ್ವಲ್ಪ ಹೊತ್ತಿನಲ್ಲಿಯೇ ವಿಮಾನ ಅಪ್ಪಳಿಸಿ ಮೃತರಾದರು. ಅವರಿಗೆ ಮರಣಾನಂತರ ಪದ್ಮಭೂಷಣ ಪ್ರಶಸ್ತಿ ಸಂದಿತು.

ಇಂದಿರಾನಗರದ ಪೂರ್ವಕ್ಕೆ ಹಳೆಯ ಮದರಾಸು ರಸ್ತೆಯನ್ನೂ ಹಳೆಯ ವಿಮಾನನಿಲ್ದಾಣದ ರಸ್ತೆಯನ್ನೂ ಕೂಡಿಸುವ ಹಾದಿಗೆ ಅವರದೇ ಹೆಸರಿದೆ. ದಿನವೂ ಸಾವಿರಾರು ಜನ ಆ ಹಾದಿಯಲ್ಲಿ ಸಂಚರಿಸುತ್ತಾರೆ. ಯಾರು ಈ ಸುರಂಜನದಾಸರು ಎಂದು ತರಗತಿಯಲ್ಲಿ ಕೇಳಿದರೆ ಪುರಂದರದಾಸರ, ಕನಕದಾಸರ ಸಾಲಿನ ಒಬ್ಬ ಹರಿದಾಸರಿರಬೇಕು ಎಂದು ಉತ್ತರ ಬರುತ್ತದೆ. ಹುಡುಗರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅವರಿಗೆ ಯಾರು ಹೇಳಿದ್ದಾರೆ?

ಹೇಳಬಲ್ಲವರು ನಮ್ಮ ನಡುವೆ ಇನ್ನೂ ಇದ್ದಾರೆ. ಎಷ್ಟೋ ಮನೆಗಳಲ್ಲಿ ಕಾರ್ಖಾನೆಯಲ್ಲಿ ದುಡಿದ ತಾತ, ವಾಯುಪಡೆಯಲ್ಲಿದ್ದ ಮಾವ, ರೇಡಿಯೋ ರಿಪೇರಿ ಮಾಡುತ್ತಿದ್ದ ದೊಡ್ಡಪ್ಪ ಉಂಟು. ಅವರು ಕೈಯಾಡಿಸುತ್ತ ಕಥೆ ಹೇಳುವಾಗ ಬುರುಡೆಯೆಂದು ತಳ್ಳಿಹಾಕುವುದೂ ಬೇಡ, ಬಾಯಿಬಿಟ್ಟು ನಂಬುವುದೂ ಬೇಡ. ಮೊದಲು ಚೆನ್ನಾಗಿ ನಗಬೇಕು. ಕಥೆಗೆ ಸಲ್ಲಬೇಕಾದ ಗೌರವ ಅದು. ಆಮೇಲೆ ಮೆಲ್ಲನೆ ಕೇಳಬೇಕು: ಅದು ಯಾವ ವರ್ಷ, ತಾತ? ಯಾವ ವಿಮಾನ? ಜೊತೆಯಲ್ಲಿ ಯಾರಿದ್ದರು? ಎಂಜಿನ್ನು ಬಿಚ್ಚಿದವರು ಯಾರು? ಉತ್ತರವನ್ನು ಒಂದು ನೋಟುಪುಸ್ತಕದಲ್ಲಿ, ತಾರೀಖು ಹಾಕಿ, ಹೇಳಿದವರ ಹೆಸರು ಸಹಿತ ಬರೆದಿಡಬೇಕು. ಸಂಶಯವಿದ್ದ ಕಡೆ ಸಂಶಯವಿದೆ ಎಂದೇ ಬರೆಯಬೇಕು. ಭೋಜನಶಾಲೆಯ ಬಡಾಯಿಗೆ ಆ ವೈಮಾನಿಕರು ಬೇರೆ ಪುಸ್ತಕವನ್ನೇ ಇಟ್ಟಿದ್ದರಲ್ಲವೆ? ನಮ್ಮ ನೋಟುಪುಸ್ತಕದಲ್ಲಿಯೂ ಬಡಾಯಿಗೆ ಒಂದು ಕಡೆ, ನಿಜಕ್ಕೆ ಒಂದು ಕಡೆ ಎಂದು ಎರಡು ಭಾಗ ಮಾಡಿಕೊಂಡರೆ ಸಾಕು. ನಿಜದ ಭಾಗವೇ ಹೆಚ್ಚು ಬೆರಗು ಹುಟ್ಟಿಸುವುದನ್ನು ಬರೆಯುತ್ತ ಹೋದಂತೆ ನೀವೇ ಕಾಣುವಿರಿ.